ಶಿಡ್ಲಘಟ್ಟಕ್ಕೊಂದು ಕಂಪ್ಯೂಟರ್: 35 ಸಾವಿರದ ಲೆಕ್ಕ

ಪಿಯುಸಿ ಫಲಿತಾಂಶ ಬಂದ ದಿನದಿಂದ ಕಾಲೇಜು ಶುರುವಾಗುವ ತನಕ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ‘ಮಗನಿಗೆ ಬಿಸಿಎ ಸೀಟು ಸಿಕ್ತು ಸಾರ್, ಯಾವ ಕಂಪ್ಯೂಟರ್ ಕೊಡಿಸಲಿ?’ ಚಿಂತಾಮಣಿಯಿಂದ ಒಬ್ಬರು, ಗೌರಿಬಿದನೂರಿನಿಂದ ಇನ್ನೊಬ್ಬರು, ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಬೀದಿಯಿಂದಲೇ ಮತ್ತೊಬ್ಬರು. ನಾನು ಕಂಪ್ಯೂಟರ್ ಅಂಗಡಿ ಇಟ್ಟವನಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುವುದು ನನ್ನ ಹಳೆಯ ಹುಚ್ಚು, ಅಷ್ಟೆ. ಆ ಸುದ್ದಿ ಊರಿಂದೂರಿಗೆ ಹೇಗೋ ಹಬ್ಬಿಬಿಟ್ಟಿದೆ.

ಎಲ್ಲರಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಮಗು ಹಾಸ್ಟೆಲಿನಲ್ಲಿರುತ್ತದೋ, ಮನೆಯಲ್ಲೋ? ಹಾಸ್ಟೆಲಾದರೆ ಲ್ಯಾಪ್‌ಟಾಪೇ ಸರಿ, ಮಾತು ಅಲ್ಲಿಗೆ ಮುಗಿಯಿತು. ಮನೆಯಲ್ಲೇ ಇದ್ದು ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವ ಮಗುವಾದರೆ ಮೇಜಿನ ಮೇಲಿನ ಕಂಪ್ಯೂಟರಿಗೆ ಸಮನಾದದ್ದಿಲ್ಲ. ಅದೇ ದುಡ್ಡಿಗೆ ಹೆಚ್ಚು ಕೆಲಸ ಮಾಡುತ್ತದೆ. ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಬಹುದು. ಮೂರು ವರ್ಷದ ಮೇಲೆ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಇನ್ನೊಂದಿಷ್ಟು ಶಕ್ತಿ ಸೇರಿಸಬಹುದು. ಮನೆಮಂದಿಗೆಲ್ಲ ಒಂದೇ ಯಂತ್ರ ಸಾಲುತ್ತದೆ ಎನ್ನುವುದೂ ಸಣ್ಣ ಲಾಭವಲ್ಲ.

ಹೀಗೆ ಹೇಳುತ್ತ ಬಂದವನಿಗೆ 2024ರ ಮೇ ತಿಂಗಳಲ್ಲಿ ಸ್ವಂತ ಅಕ್ಕನ ಮನೆಯಿಂದಲೇ ಕರೆ ಬಂತು.

ಅಕ್ಕನ ಮನೆ ಶಿಡ್ಲಘಟ್ಟದಲ್ಲಿ. ಭಾವ ರೀಲರ್. ಮನೆಯ ಹಿಂದೆ ಬೇಸಿನ್ ಹಾಕಿಕೊಂಡು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಆ ಊರಿನಲ್ಲಿ ಬೀದಿಬೀದಿಗೂ ಇಂಥ ಮನೆಗಳಿವೆ. ಅಕ್ಕನ ಮಗಳಿಗೆ ಬಿಸಿಎಗೆ ಸೀಟು ಆಗಿತ್ತು. ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ಫೋನು. ಭಾವ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೊರಟರೆ ಫೋನೂ ಅವರ ಜೊತೆ ಹೋಗುತ್ತಿತ್ತು. ಕಂಪ್ಯೂಟರಿಗೆಂದು ಕೂಡಿಟ್ಟದ್ದು 35 ಸಾವಿರ. ಅದರಲ್ಲಿ 20 ಸಾವಿರ ಅಕ್ಕ ಎತ್ತಿದ ಚೀಟಿಯ ದುಡ್ಡು. ಉಳಿದ 15 ಸಾವಿರ ಬೇಸಿನ್ನಿನ ಮೋಟಾರು ರಿಪೇರಿಗೆಂದು ಭಾವ ಇಟ್ಟುಕೊಂಡದ್ದು. ‘ಮೋಟಾರು ಇನ್ನೊಂದು ವರ್ಷ ಹೆಂಗೋ ಎಳೀತದೆ. ಆದ್ರೆ ಇದರ ಮೇಲೆ ಒಂದು ರೂಪಾಯಿ ಇಲ್ಲಪ್ಪ’ ಎಂದರು. ಇಂಥ ದುಡ್ಡನ್ನು ಕೈಗೆ ತಗೊಂಡಾಗ ಆಯ್ಕೆ ಅನ್ನುವುದು ಹವ್ಯಾಸದ ಮಾತಾಗಿ ಉಳಿಯುವುದಿಲ್ಲ.

ಐ7 ದೊಡ್ಡದೋ, ಐ3 ದೊಡ್ಡದೋ?

ನಾನು ಹೋಗುವಷ್ಟರಲ್ಲಿ ಭಾವ ಫೋನಿನಲ್ಲಿ ಒಂದು ಜಾಹೀರಾತು ತೆಗೆದಿಟ್ಟಿದ್ದರು. ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 1 ಟಿಬಿ ಡಿಸ್ಕು, ಮಾನಿಟರ್ ಸಹಿತ 14,999 ರೂಪಾಯಿ. ‘ಏಳು ಅಂದ್ರೆ ಮೂರಕ್ಕಿಂತ ದೊಡ್ಡದು ತಾನೇ? ನೀನು ಐ3 ಅಂತೀಯ, ಅದೊಂದಕ್ಕೇ ಹತ್ತು ಸಾವಿರ ಅಂತೀಯ. ಇಲ್ಲಿ ಪೂರ್ತಿ ಕಂಪ್ಯೂಟರೇ ಹದಿನೈದಕ್ಕೆ ಬರ್ತದೆ.’

ನ್ಯಾಯವಾದ ಪ್ರಶ್ನೆ. ನಾನು ರೀಲರ್ ಭಾಷೆಯಲ್ಲೇ ಉತ್ತರ ಕೊಟ್ಟೆ. ‘ಭಾವ, ಗೂಡು ಕೊಳ್ಳುವಾಗ ನೀವು ಕೆ.ಜಿ. ರೇಟು ಮಾತ್ರ ನೋಡ್ತೀರಾ?’ ರೀಲರುಗಳಲ್ಲಿ ‘ರೆಂಡಿಟ್ಟಾ’ ಎಂಬ ಲೆಕ್ಕವಿದೆ. ಒಂದು ಕೆ.ಜಿ. ನೂಲು ಬರಬೇಕಾದರೆ ಎಷ್ಟು ಕೆ.ಜಿ. ಗೂಡು ಬೇಕು ಎಂಬುದೇ ಅದು. ಒಳ್ಳೆಯ ದ್ವಿತಳಿ ಗೂಡಾದರೆ ಆರು ಚಿಲ್ಲರೆ ಕೆ.ಜಿ. ಸಾಕು, ಮಿಶ್ರತಳಿಯಾದರೆ ಏಳೆಂಟು ಬೇಕು. ಅಗ್ಗದ ಗೂಡು ಬೇಸಿನ್ನಿಗೆ ಬಿದ್ದ ಮೇಲೆ ದುಬಾರಿಯಾಗುವುದು ಭಾವನಿಗೆ ಗೊತ್ತಿಲ್ಲದ್ದೇನಲ್ಲ. ಪ್ರೊಸೆಸರಿನಲ್ಲೂ ‘7’ ಎಂಬ ಅಂಕಿ ಹೊರಗಿನ ಬಣ್ಣ ಮಾತ್ರ. ಒಳಗಿನ ನೂಲು ಎಷ್ಟು ಎಂದು ಹೇಳುವುದು ಆಮೇಲೆ ಬರುವ ಅಂಕಿಗಳು.

ಮಕ್ಕಳೇ, ಇದನ್ನು ನೀವೂ ಓದಲು ಕಲಿಯಿರಿ, ಕಷ್ಟವೇನಿಲ್ಲ. ಇಂಟೆಲ್ ಕೋರ್ ಐ3-12100 ಎಂದಿದ್ದರೆ ಮೊದಲ ಎರಡು ಅಂಕಿ, ಅಂದರೆ 12, ಅದು ಎಷ್ಟನೆಯ ಪೀಳಿಗೆ ಎಂದು ಹೇಳುತ್ತದೆ. ಐ7-2600 ಎಂದು ನಾಲ್ಕೇ ಅಂಕಿ ಇದ್ದರೆ ಮೊದಲ ಅಂಕಿ ಪೀಳಿಗೆ. ಅಂದರೆ ಅದು ಎರಡನೆಯ ಪೀಳಿಗೆಯದು, 2011ರದು. 12100 ಬಂದದ್ದು 2022ರಲ್ಲಿ. ಎರಡರಲ್ಲೂ ನಾಲ್ಕು ಕೋರುಗಳೇ ಇದ್ದರೂ ಹೊಸ ಐ3 ಹಳೆಯ ಐ7ನ್ನು ಎಷ್ಟೋ ಹಿಂದೆ ಹಾಕುತ್ತದೆ, ಕರೆಂಟನ್ನೂ ಕಡಿಮೆ ಕುಡಿಯುತ್ತದೆ. ಜಾಹೀರಾತಿನಲ್ಲಿ ಬರೀ ‘ಐ7’ ಎಂದು ಬರೆದು ಮುಂದಿನ ಅಂಕಿ ನುಂಗಿದ್ದರೆ ಫೋನು ಮಾಡಿ ಆ ಅಂಕಿ ಕೇಳಬೇಕು. ಭಾವನ ಜಾಹೀರಾತಿನವರಿಗೆ ಫೋನು ಮಾಡಿದೆವು. ‘ಐ7 ಅಂದ್ರೆ ಐ7ನೇ ಸಾರ್’ ಎಂಬ ಉತ್ತರ ಬಂತು. ಭಾವ ತಾವೇ ಆ ಪುಟ ಮುಚ್ಚಿದರು.

ಇದರ ಹಿಂದೆ ಇನ್ನೊಂದು ಕಾರಣವೂ ಇತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಮೊದಲೇ ಘೋಷಣೆಯಾಗಿತ್ತು, ಮುಗಿಯಿತು ಕೂಡ. ವಿಂಡೋಸ್ 11 ಅಧಿಕೃತವಾಗಿ ಕೂರಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೆಯ ಪೀಳಿಗೆ ಅಥವಾ ಅದರ ಈಚಿನದು ಬೇಕು. ಹಾಗಾಗಿ ಬೆಂಗಳೂರಿನ ಕಚೇರಿಗಳು ಆರು, ಏಳನೆಯ ಪೀಳಿಗೆಯ ಯಂತ್ರಗಳನ್ನು ಹೊರಗೆ ಹಾಕಿದವು. ಅವು ಬಣ್ಣ ಒರೆಸಿಕೊಂಡು ನಮ್ಮಂಥ ಊರುಗಳಿಗೆ ಬರುತ್ತವೆ. ಅವೆಲ್ಲ ಕಸ ಎಂದು ನಾನು ಹೇಳುವುದಿಲ್ಲ, ಲಿನಕ್ಸ್ ಹಾಕಿಕೊಂಡರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಆದರೆ ಹೊಸದರ ಬೆಲೆ ಕೊಡಬಾರದು.

ಕಾಗದದ ಮೇಲೆ ಮೊದಲು

ಬೆಂಗಳೂರಿಗೆ ಹೊರಡುವ ಮೊದಲು ನಾನೂ ಸೊಸೆಯೂ ಒಂದು ಸಂಜೆ ಕೂತು ಪಟ್ಟಿ ಮಾಡಿದೆವು. (ಅಕ್ಕನ ಮಗಳನ್ನು ನಾನು ಕರೆಯುವುದೇ ಸೊಸೆ ಎಂದು, ಅವಳಿಗೆ ನಾನು ಮಾಮ.) ಅವಳ ಕೆಲಸವೇನು? ಸಿ, ಪೈಥಾನ್, ಜಾವಾ ಬರೆಯಬೇಕು, ಪಾಠದ ವಿಡಿಯೊ ನೋಡಬೇಕು, ಪ್ರಾಜೆಕ್ಟ್ ವರದಿ ಟೈಪ್ ಮಾಡಬೇಕು. ಅವಳ ತಮ್ಮ ಆರನೆಯ ಕ್ಲಾಸು, ಅವನ ಕೆಲಸವೇನೆಂದು ಹೇಳಬೇಕಾಗಿಲ್ಲ. ಈ ಯಾವುದಕ್ಕೂ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಇಲ್ಲೊಂದು ಅಕ್ಷರದ ಬಗ್ಗೆ ಎಚ್ಚರ: 12100ರ ಮುಂದೆ ‘ಎಫ್’ ಎಂದಿದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ ಎಂದು ಅದನ್ನು ತಂದರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ತನಕ ಪರದೆಯ ಮೇಲೆ ಏನೂ ಮೂಡುವುದಿಲ್ಲ.

ಮದರ್‌ಬೋರ್ಡಿಗೆ ಎಚ್610 ಎಂಬ ಸಾದಾ ವರ್ಗ ಸಾಕೆಂದು ಬರೆದುಕೊಂಡೆವು. ರ‍್ಯಾಮ್‌ಗೆ ಎರಡು ಜಾಗ, ಎಸ್‌ಎಸ್‌ಡಿ ಕೂರಿಸಲು ಎಂ.2 ಕಿಂಡಿ ಇರುವುದನ್ನು ನೋಡಿಕೊಂಡರಾಯಿತು. ಇದೇ ಬೋರ್ಡಿನಲ್ಲಿ ಮುಂದೆ 13, 14ನೆಯ ಪೀಳಿಗೆಯ ಐ5 ಕೂಡ ಕೂರುತ್ತದೆ, ಬಯೋಸ್ ಒಂದನ್ನು ಹೊಸದು ಮಾಡಿಕೊಳ್ಳಬೇಕು ಅಷ್ಟೆ. ಎಚ್610 ಬೋರ್ಡುಗಳಲ್ಲಿ ಡಿಡಿಆರ್4 ರ‍್ಯಾಮ್ ಹಿಡಿಸುವವು, ಡಿಡಿಆರ್5 ಹಿಡಿಸುವವು ಎರಡೂ ಇವೆ. ಎರಡು ರ‍್ಯಾಮ್‌ಗಳ ಕಚ್ಚು ಬೇರೆಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋಗಬೇಡಿ, ಬೋರ್ಡೇ ಮುರಿದೀತು.

ರ‍್ಯಾಮ್ 16 ಜಿಬಿ. 16ರದು ಒಂದು ತರುವ ಬದಲು 8ರವು ಎರಡು. ಕಾರಣ ಕೇಳಿದಳು ಸೊಸೆ. ಒಳಗಿನ ಗ್ರಾಫಿಕ್ಸಿಗೆ ತನ್ನದೇ ಆದ ನೆನಪಿನ ಜಾಗವಿಲ್ಲ, ರ‍್ಯಾಮ್‌ನಿಂದಲೇ ಸಾಲ ತೆಗೆದುಕೊಳ್ಳುತ್ತದೆ. ಎರಡು ಕಡ್ಡಿ ಇದ್ದರೆ ಎರಡು ದಾರಿ. ಮಾರುಕಟ್ಟೆಯ ದಿನ ಒಂದೇ ಬಾಗಿಲಿನಿಂದ ಗಾಡಿಗಳೆಲ್ಲ ಒಳಗೂ ಹೋಗಿ ಹೊರಗೂ ಬರಬೇಕಾದರೆ ಏನಾಗುತ್ತದೆಂದು ಶಿಡ್ಲಘಟ್ಟದ ಹುಡುಗಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಡಿಸ್ಕಿನ ವಿಷಯದಲ್ಲಿ ನಾನು ಹಠಮಾರಿ. 1 ಟಿಬಿ ಎಂದು ದೊಡ್ಡದಾಗಿ ಬರೆದ ಹಳೆಯ ಬಗೆಯ ಹಾರ್ಡ್ ಡಿಸ್ಕಿಗಿಂತ 500 ಜಿಬಿ ಎಸ್‌ಎಸ್‌ಡಿ ಎಷ್ಟೋ ಮೇಲು. ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಗ್ರಾಮಫೋನಿನ ಮುಳ್ಳಿನಂಥದ್ದೊಂದು ಅದರ ಮೇಲೆ ಹುಡುಕಾಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡಾಡುವುದು ಏನೂ ಇಲ್ಲ. ಮನೆಯಲ್ಲಿರುವ ಹಳೆಯ ಕಂಪ್ಯೂಟರ್ ನಿಧಾನ ಎಂದು ಎಸೆಯಲು ಹೊರಟವರಿಗೂ ನಾನು ಹೇಳುವುದು ಇದನ್ನೇ: ಮೊದಲು ಒಂದು ಎಸ್‌ಎಸ್‌ಡಿ ಹಾಕಿ ನೋಡಿ, ಆಮೇಲೆ ಎಸೆಯಿರಿ.

ಯಾರೂ ಕೇಳದ ಭಾಗ

ಫೋನು ಮಾಡುವವರಲ್ಲಿ ಪ್ರೊಸೆಸರ್ ಬಗ್ಗೆ ಕೇಳದವರಿಲ್ಲ. ಎಸ್‌ಎಂಪಿಎಸ್ ಬಗ್ಗೆ ಕೇಳಿದವರು ಇಷ್ಟು ವರ್ಷದಲ್ಲಿ ಒಬ್ಬರೂ ಇಲ್ಲ. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಾಗಿ ಇಳಿಸಿ ಒಳಗಿನ ಎಲ್ಲ ಭಾಗಗಳಿಗೂ ಉಣಿಸುವ ಪೆಟ್ಟಿಗೆ ಅದು. ನಮ್ಮ ಜಿಲ್ಲೆಯಲ್ಲಿ ಅದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಒಂದೇ ಲೈನಿನಲ್ಲಿ ಬೋರ್‌ವೆಲ್ ಮೋಟಾರುಗಳು ಒಟ್ಟಿಗೆ ಶುರುವಾದರೆ ದೀಪ ಮಂಕಾಗುವುದನ್ನು, ಒಟ್ಟಿಗೆ ನಿಂತರೆ ದೀಪ ಝಗ್ಗೆನ್ನುವುದನ್ನು ನೀವೂ ನೋಡಿರುತ್ತೀರಿ. ಆ ಏರಿಳಿತವನ್ನೆಲ್ಲ ಮೊದಲು ನುಂಗಬೇಕಾದದ್ದು ಈ ಪೆಟ್ಟಿಗೆ.

ಅಂಗಡಿಯಲ್ಲಿ ಕ್ಯಾಬಿನೆಟ್ ಕೊಂಡರೆ ಎಸ್‌ಎಂಪಿಎಸ್ ‘ಫ್ರೀ’ ಎನ್ನುತ್ತಾರೆ. ಮೇಲೆ 450 ವ್ಯಾಟ್ ಎಂಬ ಚೀಟಿ ಇರುತ್ತದೆ, ಕೈಗೆತ್ತಿಕೊಂಡರೆ ಖಾಲಿ ಡಬ್ಬಿಯಷ್ಟು ಹಗುರ. ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಇಂಥ ಫ್ರೀ ಪೆಟ್ಟಿಗೆ ಒಂದು ರಾತ್ರಿ ಪಟ್ ಎಂದು ಸಿಡಿಯಿತು. ಹೋಗುವಾಗ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಅವರ ಮಗಳ ಮದುವೆಯ ಫೋಟೊಗಳಿದ್ದವು.

ಆದ್ದರಿಂದ ಪಟ್ಟಿಯಲ್ಲಿ ಎಸ್‌ಎಂಪಿಎಸ್ ಬೇರೆ, ಕ್ಯಾಬಿನೆಟ್ ಬೇರೆ. ‘80 ಪ್ಲಸ್’ ಎಂಬ ಗುರುತು ಇರಬೇಕು. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಶೇಕಡಾ 80ರಷ್ಟಾದರೂ ಒಳಗಿನ ಭಾಗಗಳಿಗೆ ತಲುಪುತ್ತದೆ, ಉಳಿದದ್ದು ಮಾತ್ರ ಬಿಸಿಯಾಗಿ ಹೋಗುತ್ತದೆ ಎಂದು ಅದರ ಅರ್ಥ. 12100ರ ಹಸಿವು ಸಾಮಾನ್ಯವಾಗಿ 60 ವ್ಯಾಟ್, ಜೋರಾಗಿ ಓಡುವಾಗ 89 ವ್ಯಾಟ್. ಬೇರೆಲ್ಲ ಸೇರಿದರೂ 450 ವ್ಯಾಟಿನ ಒಳ್ಳೆಯ ಪೆಟ್ಟಿಗೆ ಧಾರಾಳ. ನಾಳೆ ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೂ ತಡೆಯುತ್ತದೆ.

ಇದರ ಜೊತೆಗೇ ಹೇಳಬೇಕಾದದ್ದು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಜುಮ್ ಎನ್ನುತ್ತದೆ ಎಂದು ಬಹಳ ಜನ ಹೇಳುತ್ತಾರೆ, ಕಂಪ್ಯೂಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕೆಟ್ಟಿರುವುದು ಮನೆಯ ವೈರಿಂಗ್. ಎಸ್‌ಎಂಪಿಎಸ್ ಒಳಗಿನ ಸಣ್ಣ ಕೆಪಾಸಿಟರುಗಳು ಅಡ್ಡಾದಿಡ್ಡಿ ವಿದ್ಯುತ್ತನ್ನು ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಬಿಡುತ್ತವೆ. ಭೂಮಿಗೆ ದಾರಿಯೇ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೈಮೇಲೆ ನಿಂತಿರುತ್ತದೆ. ಅಕ್ಕನ ಮನೆಯಲ್ಲಿ ಮೂರು ಪಿನ್ನಿನ ಸಾಕೆಟ್ಟೇನೋ ಇತ್ತು, ಮೇಲಿನ ದೊಡ್ಡ ತೂತಿಗೆ ವೈರೇ ಇರಲಿಲ್ಲ! ಎಲೆಕ್ಟ್ರಿಷಿಯನ್ ಕರೆಸಿ ಬೇಸಿನ್ ಮೋಟಾರಿಗೆ ಹಾಕಿಸಿದ್ದ ಅರ್ಥಿಂಗಿನಿಂದಲೇ ಒಂದು ವೈರು ಎಳೆಸಿದೆವು. ಮಕ್ಕಳು ಈ ಕೆಲಸಕ್ಕೆ ಕೈಹಾಕಕೂಡದು, ಇದು ದೊಡ್ಡವರು ತಿಳಿದವರಿಂದ ಮಾಡಿಸಬೇಕಾದ್ದು.

ಎಸ್.ಪಿ. ರೋಡಿನಲ್ಲಿ

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ ಎಂದರೆ ತಿಳಿಯದವರೂ ಎಸ್.ಪಿ. ರೋಡ್ ಎಂದರೆ ತಟ್ಟನೆ ದಾರಿ ತೋರಿಸುತ್ತಾರೆ. ಟೌನ್‌ಹಾಲಿನಿಂದ ನಡೆದು ಹೋಗುವಷ್ಟು ದೂರ. ಬೆಳಿಗ್ಗೆಯೇ ಶಿಡ್ಲಘಟ್ಟದಿಂದ ಬಸ್ಸು ಹತ್ತಿದೆವು. ಸೊಸೆಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ದುಡ್ಡು ಕೊಟ್ಟವನು ನಾನೊಬ್ಬನೇ.

ಅಲ್ಲಿ ನನ್ನ ಪದ್ಧತಿ ಇಷ್ಟು. ಮೊದಲ ಒಂದು ಗಂಟೆ ಏನೂ ಕೊಳ್ಳುವುದಿಲ್ಲ. ನಾಲ್ಕೈದು ಅಂಗಡಿಯಲ್ಲಿ ಪಟ್ಟಿ ಕೊಟ್ಟು ಒಂದೊಂದು ಭಾಗದ ಬೆಲೆ ಬೇರೆಬೇರೆ ಬರೆಸಿಕೊಳ್ಳುವುದು. ಒಟ್ಟು ಬೆಲೆ ಹೇಳುತ್ತೇವೆ ಎಂದರೆ ಒಪ್ಪುವುದಿಲ್ಲ, ಒಟ್ಟಿನಲ್ಲಿ ಏನು ಬೇಕಾದರೂ ಅಡಗಿಸಬಹುದು. ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಕೇಳಲೇಬೇಕು. ಕಂಪ್ಯೂಟರ್ ಭಾಗಗಳ ಮೇಲೆ ಅದು ಶೇಕಡಾ 18. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀವಿ’ ಎಂಬ ಮಾತು ಪ್ರತಿ ಸಲವೂ ಬರುತ್ತದೆ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವುದು ಯಾರನ್ನು?

ಸೊಸೆಯೇ ಪುಸ್ತಕದಲ್ಲಿ ಬರೆದುಕೊಂಡಳು. ಪ್ರೊಸೆಸರ್ 9,800. ಮದರ್‌ಬೋರ್ಡ್ 5,800. ರ‍್ಯಾಮ್ ಎರಡಕ್ಕೆ 3,000. ಎಸ್‌ಎಸ್‌ಡಿ 3,200. ಎಸ್‌ಎಂಪಿಎಸ್ 2,900. ಕ್ಯಾಬಿನೆಟ್ 2,000. ಅಲ್ಲಿಗೆ 26,700. ಕೀಬೋರ್ಡು, ಮೌಸು 700, ಬೋರ್ಡಿನಲ್ಲಿ ವೈಫೈ ಇಲ್ಲದ್ದರಿಂದ ಅದರ ಸಣ್ಣ ಡಾಂಗಲ್ 500. ಹೊಸ 22 ಇಂಚಿನ ಮಾನಿಟರ್ 6,200. ಒಟ್ಟು 34,100. ಕೈಯಲ್ಲಿ ಉಳಿದದ್ದು 900. ಯುಪಿಎಸ್ ಬೆಲೆ 2,800.

ಫುಟ್‌ಪಾತಿನ ಪಕ್ಕ ನಿಂತು ಇಬ್ಬರೂ ಪುಸ್ತಕ ನೋಡಿದೆವು. ಯುಪಿಎಸ್ ಆಮೇಲೆ ಕೊಂಡರಾಯಿತು ಎಂದು ಅಂಗಡಿಯವರು. ಆದರೆ ಆ ಮನೆಯಲ್ಲಿ ‘ಆಮೇಲೆ’ ಎಂದರೆ ಮುಂದಿನ ಚೀಟಿ. ಅಷ್ಟರಲ್ಲಿ ಎಷ್ಟು ಸಲ ಕರೆಂಟು ಹೋಗುತ್ತದೆ, ಎಷ್ಟು ಸಲ ಬರೆದ ಪ್ರೋಗ್ರಾಮು ಅರ್ಧಕ್ಕೇ ಆರುತ್ತದೆ. ಎಲ್ಲಿ ಕತ್ತರಿಸುವುದು? ಎಸ್‌ಎಂಪಿಎಸ್‌ನಲ್ಲಿ ಕತ್ತರಿಸಲು ನನಗೆ ಮನಸ್ಸಿಲ್ಲ. ರ‍್ಯಾಮ್ ಅರ್ಧ ಮಾಡಿದರೂ 1,500 ಮಾತ್ರ ಉಳಿದೀತು, ಸಾಲದು. ಆಗ ಸೊಸೆಯೇ ಕೇಳಿದಳು: ‘ಮಾಮ, ಮಾನಿಟರ್ ಹಳೇದು ತಗೊಂಡ್ರೆ ಏನಾಗುತ್ತೆ?’

ಒಳ್ಳೆಯ ಉಪಾಯ. ಹಳೆಯದು ಕೊಂಡರೂ ನಡೆಯುವ ಭಾಗ ಯಾವುದಾದರೂ ಇದ್ದರೆ ಅದು ಮಾನಿಟರ್, ಕ್ಯಾಬಿನೆಟ್, ಕೀಬೋರ್ಡು. ಹೊಸದೇ ಬೇಕಾದವು ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ. ಮಾನಿಟರನ್ನು ಅಲ್ಲೇ ಹಚ್ಚಿ ನೋಡಬಹುದು, ಒಳಗೆ ಮುಚ್ಚಿಟ್ಟ ಗುಟ್ಟು ಕಡಿಮೆ. ಕಚೇರಿಯಿಂದ ಬಂದ 22 ಇಂಚಿನದು, 1920×1080 ಚುಕ್ಕೆಗಳದು, 3,500ಕ್ಕೆ ಸಿಕ್ಕಿತು. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದಾದ ಮೇಲೊಂದು ಹಾಕಿಸಿ ಸತ್ತ ಚುಕ್ಕೆ ಇದೆಯೇ ಎಂದು ಹುಡುಕಿದೆವು. ಹತ್ತು ನಿಮಿಷ ಹಾಗೇ ಬಿಟ್ಟು ಮಿನುಗುತ್ತದೆಯೇ ನೋಡಿದೆವು. ಎಚ್‌ಡಿಎಂಐ ಕಿಂಡಿ ಇದೆ ಎಂದು ಖಾತ್ರಿ ಮಾಡಿಕೊಂಡೆವು. ಯುಪಿಎಸ್ ಸೇರಿ 34,200. ಉಳಿದ 800ರಲ್ಲಿ ನನ್ನ ಟಿಕೆಟ್ಟು, ಇಬ್ಬರ ಊಟ.

ಜೋಡಣೆ

ಬೇಸಿನ್ ಇರುವ ಕಡೆ ಸದಾ ಹಬೆ, ತೇವ. ಅಲ್ಲಿಗೆ ಹತ್ತಿರದ ಕೋಣೆ ಬೇಡವೆಂದು ಬೀದಿ ಕಡೆಯ ಕೋಣೆಯಲ್ಲಿ ಮೇಜು ಹಾಕಿದೆವು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂತರೆ ಊಟದ ಹೊತ್ತಿಗೆ ಮುಗಿಯಿತು. ಸ್ಕ್ರೂಡ್ರೈವರ್ ಒಂದೇ ಸಾಕು.

ಜೋಡಣೆ ಹೆದರಿಕೆಯ ಕೆಲಸವಲ್ಲ, ಅವಸರದ ಕೆಲಸವೂ ಅಲ್ಲ. ಪ್ರತಿ ಭಾಗವೂ ಒಂದೇ ರೀತಿಯಲ್ಲಿ ಕೂರುವ ಹಾಗೆ ಕಚ್ಚು, ಗುರುತು ಇರುತ್ತದೆ. ಪ್ರೊಸೆಸರಿನ ಒಂದು ಮೂಲೆಯಲ್ಲಿ ಸಣ್ಣ ತ್ರಿಕೋನ, ಬೋರ್ಡಿನಲ್ಲೂ ಅದಕ್ಕೆ ಹೊಂದುವ ಗುರುತು. ಎರಡೂ ಒಂದೇ ಕಡೆ ಬರುವ ಹಾಗೆ ಮೆಲ್ಲಗೆ ಇಟ್ಟರೆ ಸಾಕು, ಒತ್ತಬಾರದು. ಇಂಟೆಲ್‌ನ ಈ ಬಗೆಯಲ್ಲಿ ಪಿನ್ನುಗಳು ಇರುವುದು ಬೋರ್ಡಿನಲ್ಲಿ, ಕೂದಲಿಗಿಂತ ಸ್ವಲ್ಪ ದಪ್ಪ, ಬೆರಳು ತಾಗಿದರೆ ಬಾಗುತ್ತವೆ. ಅಂಗಡಿಯಲ್ಲೇ ಮುಚ್ಚಳ ತೆಗೆಸಿ ಪಿನ್ನುಗಳು ನೆಟ್ಟಗಿವೆಯೇ ಎಂದು ನಾವು ನೋಡಿಕೊಂಡದ್ದು ಇದಕ್ಕೇ. ಡಬ್ಬಿಯ ಜೊತೆ ಬರುವ ಫ್ಯಾನಿನ ತಳಕ್ಕೆ ಉಷ್ಣ ದಾಟಿಸುವ ಪೇಸ್ಟು ಮೊದಲೇ ಬಳಿದಿರುತ್ತದೆ, ಮತ್ತೆ ಬಳಿಯಬೇಕಿಲ್ಲ. ರ‍್ಯಾಮ್ ಮಾತ್ರ ಟಕ್ ಎನ್ನುವ ತನಕ ಒತ್ತಬೇಕು.

ಆರನೆಯ ಕ್ಲಾಸಿನವನಿಗೆ ಸ್ಕ್ರೂ ಖಾತೆ. ಅಕ್ಕ ಒಂದು ಸ್ಟೀಲ್ ತಟ್ಟೆ ಕೊಟ್ಟಳು, ಸ್ಕ್ರೂಗಳೆಲ್ಲ ಅದರಲ್ಲಿ. ಮೈಮೇಲಿನ ಸ್ಥಾಯೀ ವಿದ್ಯುತ್ತು ಭಾಗಗಳಿಗೆ ತಗಲದಿರಲೆಂದು ಆಗಾಗ ಕ್ಯಾಬಿನೆಟ್ಟಿನ ಬರಿಯ ಕಬ್ಬಿಣ ಮುಟ್ಟು ಎಂದಿದ್ದೆ. ಅವನು ಪ್ರತಿ ಸ್ಕ್ರೂವಿಗೊಮ್ಮೆ ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಸ್‌ಎಂಪಿಎಸ್‌ನಿಂದ 24 ಪಿನ್ನಿನ ದೊಡ್ಡ ಕೇಬಲ್ ಬೋರ್ಡಿಗೆ, 8 ಪಿನ್ನಿನದು ಪ್ರೊಸೆಸರಿಗೆ. ಕ್ಯಾಬಿನೆಟ್ಟಿನ ಸ್ವಿಚ್ಚಿನಿಂದ ಬರುವ ಎಳೆಗಳು ಯಾವ ಪಿನ್ನಿಗೆ ಎಂಬುದು ಬೋರ್ಡಿನ ಪುಸ್ತಕದಲ್ಲಿದೆ. ಅದನ್ನು ಸೊಸೆ ಓದಿ ಹೇಳಿದಳು, ನಾನು ಕನ್ನಡಕ ಹಾಕಿಕೊಂಡು ಸಿಕ್ಕಿಸಿದೆ.

ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಕಪ್ಪಗೇ ಇತ್ತು. ಭಾವ ಬಾಗಿಲಲ್ಲಿ ನಿಂತಿದ್ದರು, ಏನೂ ಮಾತಾಡಲಿಲ್ಲ. ಹೊಸ ಬೋರ್ಡು ಮೊದಲ ಸಲ ರ‍್ಯಾಮ್‌ನ ಗುರುತು ಹಚ್ಚಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ, ಆಗ ಗಾಬರಿಯಾಗಿ ಆರಿಸಬಾರದು. ಅರ್ಧ ನಿಮಿಷದ ಮೇಲೆ ಅಕ್ಷರ ಮೂಡಿತು: 12100, 16 ಜಿಬಿ. ಭಾವ ಹೋಗಿ ಬೇಸಿನ್ ನೋಡಿಕೊಂಡರು.

ವಿಂಡೋಸ್ ಪರವಾನಗಿಗೆ ದುಡ್ಡು ಉಳಿದಿರಲಿಲ್ಲ. ಕದ್ದ ಪ್ರತಿ ಹಾಕಿಕೊಡುವವರು ಬೇಕಾದಷ್ಟಿದ್ದಾರೆ. ಅದರ ಜೊತೆ ಏನೇನು ಒಳಗೆ ನುಸುಳುತ್ತದೋ ಯಾರಿಗೆ ಗೊತ್ತು. ಲಿನಕ್ಸ್ ಮಿಂಟ್ ಹಾಕಿದೆವು, ಅದಕ್ಕೆ ಕಾಸಿಲ್ಲ. ಸಿ, ಪೈಥಾನ್, ಜಾವಾ ಮೂರೂ ಅದರಲ್ಲಿ ಪುಕ್ಕಟೆ. ಕನ್ನಡ ಟೈಪಿಂಗಿಗೆ ‘ಕಗಪ’ ಕೀಲಿಮಣೆ ಅದರಲ್ಲೇ ಇದೆ. ನಮ್ಮ ಕೆ.ಪಿ. ರಾಯರು ರೂಪಿಸಿದ, ‘ನುಡಿ’ಯಲ್ಲಿ ಕಲಿತ ಕೈಗಳಿಗೆ ಗೊತ್ತಿರುವ ವಿನ್ಯಾಸವೇ ಅದು.

ಗೌರಿಬಿದನೂರು, ಚಿಂತಾಮಣಿ

ಅದೇ ವರ್ಷ ಗೌರಿಬಿದನೂರಿನ ಗೆಳೆಯನ ಮಗನಿಗೆ ಜೋಡಿಸಿದ್ದು ಬೇರೆ ಬಗೆಯದು. ಅವನಿಗೆ ಆಟಗಳ ಹುಚ್ಚು, ಗ್ರಾಫಿಕ್ಸ್ ಕಾರ್ಡಿಗೆ ದುಡ್ಡಿಲ್ಲ. ಎಎಂಡಿಯ ರೈಜೆನ್ 5 5600ಜಿ ಹಾಕಿದೆವು. ಆರು ಕೋರು, ಒಳಗಿನ ಗ್ರಾಫಿಕ್ಸ್ 12100ರದಕ್ಕಿಂತ ಗಟ್ಟಿ. ಹಳೆಯ ದಾಸ್ತಾನಿನ ಬಿ450 ಬೋರ್ಡು ಕೊಳ್ಳುವವರು ಒಂದು ಮಾತು ಕೇಳಿಕೊಳ್ಳಬೇಕು. ಅದರ ಬಯೋಸ್ ಹಳೆಯದಾಗಿದ್ದರೆ ಈ ಪ್ರೊಸೆಸರಿನ ಗುರುತೇ ಅದಕ್ಕೆ ಸಿಗುವುದಿಲ್ಲ. ಅಂಗಡಿಯಲ್ಲೇ ಹೊಸದು ಮಾಡಿಸಿ ತರಬೇಕು.

ಆ ಹುಡುಗನಿಗೆ ನಾನು ಅವನ ತಾಲ್ಲೂಕಿನ ರೇಡಿಯೊ ದೂರದರ್ಶಕದ ಕಥೆ ಹೇಳಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಎಪ್ಪತ್ತರ ದಶಕದಲ್ಲಿ ಅಲ್ಲಿ ನಿಲ್ಲಿಸಿದ್ದು ದೊಡ್ಡ ತಟ್ಟೆಯನ್ನಲ್ಲ, ಸಾದಾ ತಂತಿಯ ಸಾವಿರ ಆಂಟೆನಾಗಳನ್ನು. ಇಂಗ್ಲಿಷಿನ ಟಿ ಅಕ್ಷರದ ಹಾಗೆ ಸಾಲುಗಟ್ಟಿ, ಪೂರ್ವ ಪಶ್ಚಿಮವಾಗಿ 1.4 ಕಿ.ಮೀ. ಉದ್ದಕ್ಕೆ. ಒಂದೊಂದೂ ಅಗ್ಗ, ಸೇರಿದರೆ ಆಕಾಶಗಂಗೆಯ ದನಿ ಕೇಳಿಸುತ್ತದೆ. ಅದು ಕಿವಿಗೊಟ್ಟದ್ದು 34.5 ಮೆಗಾಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 3 ಕೋಟಿ 45 ಲಕ್ಷ ಬಾರಿ ಕಂಪಿಸುವ ಅಲೆಗಳಿಗೆ. ಶಿಡ್ಲಘಟ್ಟದ ಮೇಜಿನ ಮೇಲಿನ ಐ3 ತನ್ನ ಮೂಲ ವೇಗದಲ್ಲೇ ಸೆಕೆಂಡಿಗೆ 330 ಕೋಟಿ ಬಾರಿ ಮಿಡಿಯುತ್ತದೆ, ಹತ್ತಿರಹತ್ತಿರ ಅದರ ನೂರು ಪಟ್ಟು. ಹುಡುಗ ಆಟ ನಿಲ್ಲಿಸಿ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಆಟಕ್ಕೆ ಮರಳಿದ.

ಚಿಂತಾಮಣಿಯಲ್ಲಿ ನೆಂಟರೊಬ್ಬರ ದಿನಸಿ ಅಂಗಡಿಗೆ ಬಿಲ್ಲು ಹಾಕಲು ಬೇಕಾಗಿತ್ತು. ಅಲ್ಲಿ ಹೊಸ ಭಾಗಗಳ ಮಾತೇ ಎತ್ತಲಿಲ್ಲ. ಎಂಟನೆಯ ಪೀಳಿಗೆಯ ಐ5 ಇರುವ, ಕಚೇರಿಯಿಂದ ಬಂದ ಪುಟ್ಟ ಡೆಸ್ಕ್‌ಟಾಪ್ ಒಂದನ್ನು ಆರಿಸಿ, ಡಿಸ್ಕು ಮಾತ್ರ ಹೊಸ ಎಸ್‌ಎಸ್‌ಡಿ ಹಾಕಿ ಕೊಟ್ಟೆ. ಬೆಲ್ಲ, ಮೆಣಸಿನಕಾಯಿಯ ಧೂಳಿಗೆ ಫ್ಯಾನು ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಆರಿಸಿ, ಪ್ಲಗ್ಗು ಕಿತ್ತು, ಬಣ್ಣ ಬಳಿಯುವ ಒಣ ಬ್ರಷ್ಷಿನಿಂದ ಗುಡಿಸಬೇಕು.

ಮೇಲೆ ಕೊಟ್ಟ ಬೆಲೆಗಳು 2024ರವು ಎಂಬುದನ್ನು ಮರೆಯಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಕೇಂದ್ರಗಳ ಬೇಡಿಕೆಗೆ ಚಿಪ್ ತಯಾರಕರು ತಿರುಗಿಕೊಂಡದ್ದು ಕಾರಣ. ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿತು. ಈಗ ಕೇಳುವವರಿಗೆ ನಾನು ಹೇಳುವುದು: 8 ಜಿಬಿಯ ಒಂದೇ ಕಡ್ಡಿ ಹಾಕಿ, ಎರಡನೆಯ ಜಾಗ ಖಾಲಿ ಬಿಡಿ, ಬೆಲೆ ಇಳಿದಾಗ ತುಂಬಿ. ಆಟ ಸ್ವಲ್ಪ ಕುಂಟುತ್ತದೆ, ಓದಿಗೆ ಅಡ್ಡಿಯಿಲ್ಲ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಡಿಡಿಆರ್4 ರ‍್ಯಾಮ್ ಇದ್ದರೆ ತೂಕಕ್ಕೆ ಹಾಕಬೇಡಿ, ಅದಕ್ಕೆ ಈಗ ಬೆಲೆ ಇದೆ.

ಇನ್ನು ಬಿಲ್ಲು. ಅಂಗಡಿಯ ಸಣ್ಣ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲು ವರ್ಷದೊಳಗೆ ಬೆಳ್ಳಗಾಗುತ್ತದೆ, ವಾರಂಟಿ ಮೂರು ವರ್ಷ ಇರುತ್ತದೆ. ಕೊಂಡ ದಿನವೇ ಫೋಟೊ ತೆಗೆದು ಇಬ್ಬರ ಫೋನಿನಲ್ಲಿ ಇಡಬೇಕು. ಪ್ರೊಸೆಸರ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್‌ಗಳ ಮೇಲಿನ ಸೀರಿಯಲ್ ನಂಬರನ್ನೂ ಬರೆದಿಡಬೇಕು. ಶಿಡ್ಲಘಟ್ಟದ ಬಿಲ್ಲುಗಳು ರೇಷನ್ ಕಾರ್ಡಿನ ಜೊತೆ ಅಕ್ಕನ ಟ್ರಂಕಿನಲ್ಲಿವೆ, ಖಾಲಿ ಡಬ್ಬಿಗಳು ಅಟ್ಟದ ಮೇಲಿವೆ. ಭಾವ ಈಗ ಯಾವ ದಿನದ ಗೂಡು ಎಷ್ಟು ನೂಲು ಕೊಟ್ಟಿತೆಂದು ಮಗಳ ಕೈಲಿ ಕಂಪ್ಯೂಟರಿನಲ್ಲೇ ಬರೆಸುತ್ತಾರೆ. ರಾತ್ರಿ ಎಂಟರಿಂದ ಎಂಟೂವರೆ ತನಕ ಅವರ ಸರದಿ. ಆ ಹೊತ್ತಿನಲ್ಲಿ ಚಿಕ್ಕವನಿಗೆ ಆಟವಿಲ್ಲ.